ತವರಿಗೆ ಬಂದ ಪಿನ್ನು

ಹೋದ ವರ್ಷವೂ ಹತ್ತನೇ ಕ್ಲಾಸಿನ ಮಕ್ಕಳನ್ನು ಕಾರ್ಖಾನೆಗೆ ಕರೆದುಕೊಂಡು ಹೋಗುವ ಕೆಲಸ ನನ್ನ ತಲೆಗೇ ಬಂತು. ಇಪ್ಪತ್ತೆರಡು ವರ್ಷದಿಂದ ಬರುತ್ತಲೇ ಇತ್ತು. ಮೊದಲು ನಾನೇ ಕೇಳಿ ಪಡೆದದ್ದು, ಆಮೇಲೆ ಬೇಡವೆಂದರೂ ಬಿಡಲಿಲ್ಲ. ಹೆಡ್‌ಮಾಸ್ಟರು ಫಣಿರಾಜಯ್ಯನವರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಪದ್ಮಾಕ್ಷಿ ಮೇಡಂ, ಪರಿಚಯದ ವಾರ ಬಂತಲ್ಲ, ನೀವಿದ್ದೀರಲ್ಲ" ಎಂದು ಹೇಳಿ ಹೊರಟುಬಿಡುತ್ತಿದ್ದರು. ನಾನು ಇದ್ದೇನೆ ಅನ್ನುವುದೇ ಅವರು ಮಾಡುತ್ತಿದ್ದ ಏರ್ಪಾಡು. ಎಂಬತ್ತು ಮಕ್ಕಳು, ಮಂಡಿನೋವು, ಗ್ರೀಸ್ ವಾಸನೆ, ಎಣಿಸಿದಾಗಲೆಲ್ಲ ಒಂದು ತಲೆ ಕಡಿಮೆ. ಸಾಕಾಗಿಹೋಗಿತ್ತು ನನಗೆ.

ನಮ್ಮದು ಕಾರ್ಖಾನೆಗಳ ಊರು. ಬೀಗ, ನಲ್ಲಿ, ಕತ್ತರಿ, ಗಾಲಿಕುರ್ಚಿ, ಹೊಲಿಗೆ ಮಿಷನ್ನಿನ ಸೂಜಿ, ಎಲ್ಲ ಇಲ್ಲೇ ಆಗಿ ಹೊರಗಿನ ಊರುಗಳಿಗೆ ಹೋಗುತ್ತವೆ. ಹೋದದ್ದು ಎಲ್ಲಾದರೂ ಮುರಿದರೆ, ಕಳಚಿಕೊಂಡರೆ, ಕೈಕೊಟ್ಟರೆ ಮರುದಿನ ಬೆಳಿಗ್ಗೆ ಅದನ್ನು ಮಾಡಿದವರ ಮನೆಯ ಹೊಸ್ತಿಲ ಮೇಲೆ ಬಂದು ಕೂತಿರುತ್ತದೆ. ಯಾರೂ ತಂದಿಡುವುದಿಲ್ಲ. ಇದಕ್ಕೆ ನಾವು ತವರಿಗೆ ಬರುವುದು ಅನ್ನುತ್ತೇವೆ. "ನಿಮ್ಮನೇಗೆ ಇವತ್ತೇನಾದ್ರೂ ತವರಿಗೆ ಬಂತೇನ್ರೀ?" ಎಂದು ಹೆಂಗಸರು ನೀರು ಹಿಡಿಯುವಾಗ ಕೇಳಿಕೊಳ್ಳುತ್ತಾರೆ. ಹೊಸ್ತಿಲು ಸಾರಿಸುವ ಮೊದಲು ಬಗ್ಗಿ ನೋಡಿ, ಬಂದಿದ್ದರೆ ಬೇಗ ಎತ್ತಿ ಸೆರಗಿನೊಳಗೆ ಹಾಕಿಕೊಂಡುಬಿಡುವುದು ರೂಢಿ. ಹೆಣ್ಣು ನೋಡಲು ಬರುವವರಂತೂ ಬೇಕೆಂದೇ ಬೆಳಿಗ್ಗೆ ಆರಕ್ಕೆ ಬರುತ್ತಾರೆ. ಬೀಗದ ಕಾರ್ಖಾನೆಯ ಒಬ್ಬ ಮಹಾನುಭಾವ ತನ್ನ ಹೊಸ್ತಿಲಿಗೆ ಬಂದ ಬೀಗವನ್ನು ಕಾಲಲ್ಲಿ ಪಕ್ಕದ ಮನೆಗೆ ತಳ್ಳಿ ಏನೂ ಗೊತ್ತಿಲ್ಲದವನ ಹಾಗೆ ಕೆಲಸಕ್ಕೆ ಹೋಗಿದ್ದ. ಮಧ್ಯಾಹ್ನ ಊಟಕ್ಕೆ ಕೂತರೆ ಬೀಗ ಅವನ ತಟ್ಟೆಯ ಪಕ್ಕದಲ್ಲೇ ಇತ್ತಂತೆ.

ಹೀಗಿರುವುದರಿಂದ ನಮ್ಮ ಕಾರ್ಖಾನೆಗಳಲ್ಲಿ ಮಾಡಿದ ಸಾಮಾನನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ. ಕೆಟ್ಟದ್ದು ಹೇಗೂ ತವರಿಗೆ ಬರುತ್ತದಲ್ಲ, ಆಗ ನೋಡಿಕೊಂಡರಾಯಿತು ಅನ್ನುವ ಧೈರ್ಯ. ಒಬ್ಬರ ಮನೆಗೆ ಒಂದು ವರ್ಷದಲ್ಲಿ ಮೂವತ್ತು ಬಂದರೆ ಅವರಿಗೆ ಕೈ ತೊಳೆಸುತ್ತಾರೆ. ಕಾರ್ಖಾನೆಯ ಅಂಗಳದಲ್ಲಿ ತಾಮ್ರದ ಬೋಗುಣಿ ಇಟ್ಟು, ಎಲ್ಲರ ಎದುರಿಗೆ "ಈ ಕೈ ಯಾರದು?" ಎಂದು ಕೇಳುತ್ತಾರೆ. "ನನ್ನದು" ಎಂದು ಒಪ್ಪಿಕೊಂಡವರ ಕೈಮೇಲೆ ನೀರು ಹೊಯ್ಯುತ್ತಾರೆ. ಅಲ್ಲಿಗೆ ಮುಗಿಯಿತು. ಆ ಕೈ ಊರಿನ ಯಾವ ಕಾರ್ಖಾನೆಯಲ್ಲೂ ಯಂತ್ರವನ್ನಾಗಲಿ ಉಪಕರಣವನ್ನಾಗಲಿ ಮುಟ್ಟುವ ಹಾಗಿಲ್ಲ.

ಇಂಥ ಕಡೆಗೆ ಯಾವ ತಾಯಿ ತಂದೆ ಮಕ್ಕಳನ್ನು ನಗುನಗುತ್ತಾ ಕಳಿಸುತ್ತಾರೆ? ಎಲ್ಲರಿಗೂ ತಮ್ಮ ಮಕ್ಕಳು ಮೇಷ್ಟ್ರಾಗಲಿ, ಗುಮಾಸ್ತರಾಗಲಿ ಎಂದೇ ಆಸೆ. ಮೇಷ್ಟ್ರುಗಳ ಬೀದಿಯಲ್ಲಿ ಹೊಸ್ತಿಲುಗಳು ತೊಳೆದಿಟ್ಟ ಹಾಗಿರುತ್ತವೆ, ರಂಗೋಲಿ ಅಂಗಳ ತುಂಬ ಇರುತ್ತದೆ. ಪಾಠ ಕೆಟ್ಟರೆ ಎಲ್ಲಿಗೂ ಬರುವುದಿಲ್ಲವಲ್ಲ! ಆದರೆ ಎಲ್ಲರೂ ರಂಗೋಲಿ ಹಾಕುತ್ತ ಕೂತರೆ ಕಾರ್ಖಾನೆ ನಡೆಯಬೇಕಲ್ಲ. ಅದಕ್ಕೇ ಪರಿಚಯದ ವಾರ ಎಂದು ಮಾಡಿದರು. ಮಕ್ಕಳು ಹೋಗಿ ಕೆಲಸ ನೋಡಬೇಕು, ಇಷ್ಟವಾದರೆ ಸೇರಬೇಕು. ಮೇಷ್ಟ್ರುಗಳಿಗೂ ಒಂದು ವಾರ ಇಟ್ಟರು, ಬೇಸಿಗೆ ರಜೆಯಲ್ಲಿ. ಯಾವ ಕೆಲಸಕ್ಕೆ ಯಾವ ಪಾಠ ಬೇಕು ಎಂದು ನಮಗೂ ಗೊತ್ತಾಗಲಿ, ನಾವೂ ಯಂತ್ರದ ಮುಂದೆ ನಿಂತು ಕೈ ಕೊಳೆ ಮಾಡಿಕೊಳ್ಳಲಿ ಎಂದು. ಇಪ್ಪತ್ತೆರಡು ಬೇಸಿಗೆ ನಾನು ಆ ವಾರಕ್ಕೆ ಹೋಗಿದ್ದೇನೆ. ಇಪ್ಪತ್ತೆರಡು ಬೇಸಿಗೆಯೂ ಸಹಿ ಹಾಕಿ ಕ್ಯಾಂಟೀನಿನ ಫ್ಯಾನಿನ ಕೆಳಗೆ ಕೂತು ಟೀ ಕುಡಿದು, ಉತ್ತರಪತ್ರಿಕೆ ತಿದ್ದಿ ಬಂದಿದ್ದೇನೆ. ನಾನೊಬ್ಬಳೇ ಅಲ್ಲ, ಎಲ್ಲರೂ ಅಷ್ಟೇ. ಆದರೆ ಈಗ ಹೇಳುತ್ತಿರುವುದು ನನ್ನ ವಿಷಯ.

ಮಾದೇವಿ ಏಳು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲಿದ್ದ ಹುಡುಗಿ. ಎರಡನೇ ಬೆಂಚು, ಎಣ್ಣೆ ಹಚ್ಚಿದ ಎರಡು ಜಡೆ, ಬರೆಯುವಾಗ ನಾಲಿಗೆ ಹೊರಗೆ. ನಾನು ಕೆಮ್ಮಿದರೂ ಬರೆದುಕೊಳ್ಳುತ್ತಾಳೆ ಎಂದು ಸ್ಟಾಫ್ ರೂಮಿನಲ್ಲಿ ನಾನೇ ತಮಾಷೆ ಮಾಡುತ್ತಿದ್ದೆ. ಪರಿಚಯದ ವಾರದಲ್ಲಿ ಗಾಲಿಕುರ್ಚಿ ಕಾರ್ಖಾನೆ ನೋಡಿದ ಮೇಲೆ ಅವಳಿಗೆ ಬೇರೇನೂ ಬೇಡವಾಯಿತು. ಕಬ್ಬಿಣದ ಸರಳು ತಿರುಗುತ್ತ ತಿರುಗುತ್ತ ಕನ್ನಡಿಯಾಗುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತ ನಿಂತವಳನ್ನು ಬಸ್ಸಿಗೆ ಎಳೆದುಕೊಂಡು ಬರಬೇಕಾಯಿತು. ಅವಳ ತಾಯಿ ಕೆಂಪಾಜಮ್ಮ ಮನೆ ಮುಂದೆ ಇಸ್ತ್ರಿ ಗಾಡಿ ಇಟ್ಟುಕೊಂಡವರು. ಗಂಡನಿಲ್ಲ. ಸುತರಾಂ ಒಪ್ಪಲಿಲ್ಲ. "ನಮ್ಮ ಹೊಸ್ತಿಲು ಬಡವರದ್ದೇ ಇರ್ಬೋದು ಮೇಡಮ್ಮೋರೆ, ಕ್ಲೀನಾಗೈತೆ" ಅಂದರು. ನಾನು ಅವರ ಗಾಡಿಯ ಪಕ್ಕ ಒಂದು ಗಂಟೆ ನಿಂತು ಭಾಷಣ ಮಾಡಿದೆ. ಕೊನೆಗೆ, "ಅವಳಿಗೆ ಕಲಿಸಿದವಳು ನಾನು ಕೆಂಪಾಜಮ್ಮ. ಏನಾದರೂ ಆದರೆ ನನ್ನ ಕೇಳಿ" ಅಂದುಬಿಟ್ಟೆ. ಆ ವರ್ಷ ನಮ್ಮ ಶಾಲೆಯಿಂದ ಕಾರ್ಖಾನೆಗೆ ಸೇರಿದವರ ಸಂಖ್ಯೆ ಕಡಿಮೆಯಿತ್ತು, ಹೆಡ್‌ಮಾಸ್ಟರಿಗೆ ಲೆಕ್ಕ ತೋರಿಸಬೇಕಿತ್ತು. ಅದೂ ನಿಜ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಐದು ವರ್ಷ ಅವಳ ಮನೆಗೆ ಬಂದದ್ದು ಬರೀ ನಾಲ್ಕು. ಅಷ್ಟು ಚೊಕ್ಕ ಕೆಲಸ. ಹಾಗಾಗಿ ಹೋದ ವರ್ಷದ ಯುಗಾದಿಗೆ ಅವಳನ್ನು ಪಿನ್ನಿನ ವಿಭಾಗಕ್ಕೆ ಹಾಕಿದರು. ಗಾಲಿಕುರ್ಚಿಯ ಚಕ್ರದ ನಡುವೆ ಬೆರಳು ದಪ್ಪದ ಒಂದು ಪಿನ್ನು ಇರುತ್ತದೆ. ಚಕ್ರ ಅದರ ಮೇಲೆ ತಿರುಗುತ್ತದೆ. ಪಿನ್ನು ಕೂದಲೆಳೆಯಷ್ಟು ಸಣ್ಣದಾದರೂ ಚಕ್ರ ಅಲ್ಲಾಡುತ್ತದೆ, ಅಲ್ಲಾಡಿ ಅಲ್ಲಾಡಿ ಒಂದು ದಿನ ಕಳಚಿಕೊಳ್ಳುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಅದು ಎಲ್ಲಕ್ಕಿಂತ ಮರ್ಯಾದೆಯ ಕೆಲಸ. ಆ ಕೆಲಸಕ್ಕೆ ಹೋದ ಮೇಲೆ ಅವಳ ಹೊಸ್ತಿಲಿಗೆ ಪಿನ್ನುಗಳು ಬರತೊಡಗಿದವು. ಎರಡು, ಐದು, ಹನ್ನೆರಡು. ಪರಿಚಯದ ವಾರದ ಹಿಂದಿನ ಭಾನುವಾರ ನನಗೆ ಸುದ್ದಿ ಮುಟ್ಟಿದಾಗ ಇಪ್ಪತ್ತೆಂಟು ಆಗಿತ್ತು.

ಅವತ್ತೇ ಅವರ ಮನೆಗೆ ಹೋದೆ. ಕೆಂಪಾಜಮ್ಮ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬುತ್ತಿದ್ದವರು ನನ್ನನ್ನು ನೋಡಿ ನೋಡದ ಹಾಗೆ ಮಾಡಿದರು. ಆಮೇಲೆ ಒಳಗೆ ಹೋಗಿ ಒಂದು ಮೊರ ತಂದು ನನ್ನ ಮುಂದೆ ಇಟ್ಟರು. ಮೊರದ ತುಂಬ ಪಿನ್ನು. ಸವೆದು, ಬಾಗಿ, ತುಕ್ಕು ಹಿಡಿದು.

"ನೋಡಿ ಮೇಡಮ್ಮೋರೆ. ಅಕ್ಕಿ ಆರಿಸೋ ಮೊರದಲ್ಲಿ ಇವನ್ನ ಇಟ್ಕೊಂಡು ಕೂತಿದೀನಿ. ನೀವು ಅವತ್ತು ಗಾಡಿ ಹತ್ರ ನಿಂತ್ಕೊಂಡು ಏನಂದ್ರಿ, ನೆನಪೈತಾ?"

ಮಾದೇವಿ ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತೆರಡಕ್ಕೇ ಕಣ್ಣಿನ ಕೆಳಗೆ ಕಪ್ಪು. "ಅವ್ವ, ಸುಮ್ನಿರು. ಮಿಸ್ ಏನ್ ಮಾಡ್ತಾರೆ ಇದ್ಕೆ," ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಹತ್ತೊಂಬತ್ತನೇದರ ಜೊತೆ ಚಕ್ರಾನೂ ಬಂದಿತ್ತು ಮಿಸ್. ಚಕ್ರಕ್ಕೆ ಸೀರೆ ಅಂಚು ಸುತ್ಕೊಂಡಿತ್ತು. ಯಾರೋ ಬಿದ್ದಿದಾರೆ. ಯಾರು, ಎಲ್ಲಿ, ಒಂದೂ ಗೊತ್ತಿಲ್ಲ. ಯಾವ್ದೋ ಅಜ್ಜಿ ಇರ್ಬೇಕು, ನೂಲಿನ ಸೀರೆ," ಅಂದಳು.

ಅಳತೆ ಹೇಗೆ ಮಾಡ್ತೀಯ ತೋರಿಸು ಅಂದೆ. ಅವಳು ಚೀಲದಿಂದ ಮೈಕ್ರೋಮೀಟರ್ ತೆಗೆದಳು. ಶಾಲೆಯಲ್ಲಿ ನಾವು ಸ್ಕ್ರೂಗೇಜ್ ಅನ್ನುತ್ತೇವೆ. ಸಣ್ಣ ವಸ್ತುವನ್ನು ಬಾಯಲ್ಲಿ ಕಚ್ಚಿ ಹಿಡಿದು ಅದರ ದಪ್ಪ ಹೇಳುವ ಉಪಕರಣ. ಹಳೆಯದು, ಪಿನ್ನಿನ ವಿಭಾಗಕ್ಕೆ ಹೋದಾಗ ಕೊಟ್ಟದ್ದಂತೆ. "ಮೊದ್ಲು ಖಾಲಿ ಬಾಯಿ ಮುಚ್ಚಿ ನೋಡ್ತೀನಿ ಮಿಸ್, ನೀವ್ ಹೇಳ್ಕೊಟ್ಟ ಹಾಗೆ. ಸೊನ್ನೆ ತೋರಿಸ್ಬೇಕು. ಇದು ಎರಡು ಗೆರೆ ಜಾಸ್ತಿ ತೋರಿಸುತ್ತೆ. ಅದಕ್ಕೆ ಪಿನ್ನು ಅಳೆದಾಗ ಬಂದಿದ್ದಕ್ಕೆ ಎರಡು ಗೆರೆ ಕೂಡಿಸ್ತೀನಿ. ಶೂನ್ಯದೋಷ ಹೆಚ್ಚಿದ್ದರೆ ಕೂಡಿಸಬೇಕು, ಕಡಿಮೆ ಇದ್ದರೆ ಕಳೆಯಬೇಕು." ಕೊನೆಯ ವಾಕ್ಯವನ್ನು ಕ್ಲಾಸಿನಲ್ಲಿ ಎದ್ದು ನಿಂತು ಒಪ್ಪಿಸುವ ಧಾಟಿಯಲ್ಲೇ ಹೇಳಿದಳು.

"ಸರಿಯಾಗೇ ಇದೆಯಲ್ಲ," ಅಂದೆ ನಾನು. ದೇವರಾಣೆ ಹಾಗೇ ಅಂದೆ. ಕಬ್ಬಿಣ ಕೆಟ್ಟದ್ದಿರಬೇಕು, ಯಂತ್ರ ಹಳೆಯದಿರಬೇಕು ಎಂದು ಏನೇನೋ ಸಮಾಧಾನ ಹೇಳಿ ಮನೆಗೆ ಬಂದೆ. ನನ್ನ ಹುಡುಗಿ ಪಾಠ ಮರೆತಿಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಬುಧವಾರ ಮಕ್ಕಳನ್ನು ಕರೆದುಕೊಂಡು ಅದೇ ಗಾಲಿಕುರ್ಚಿ ಕಾರ್ಖಾನೆಗೆ ಹೋದೆ. ಬೆಳಿಗ್ಗೆ ಮಾದೇವಿಯ ಮನೆಗೆ ಮೂವತ್ತನೆಯದು ಬಂದಿದೆ, ಶನಿವಾರ ಕೈ ತೊಳೆಸುತ್ತಾರೆ ಎಂದು ಗೇಟಿನಲ್ಲೇ ಗೊತ್ತಾಯಿತು. ಮನಸ್ಸು ಕೆಟ್ಟಿತು. ಆದರೂ ಮಕ್ಕಳನ್ನು ಎಣಿಸಿ ಒಳಗೆ ಬಿಟ್ಟೆ. ಉಪಕರಣಗಳ ಉಸ್ತುವಾರಿ ನೋಡುವ ಇನಾಯತ್ ಸಾಹೇಬರು ಮಕ್ಕಳನ್ನು ಮೇಜಿನ ಸುತ್ತ ನಿಲ್ಲಿಸಿಕೊಂಡು ಮೈಕ್ರೋಮೀಟರ್ ತೋರಿಸುತ್ತಿದ್ದರು. ಒಳ್ಳೆಯ ಮನುಷ್ಯ, ಗಡ್ಡ ನೆರೆತಿದೆ, ಮಕ್ಕಳೆಂದರೆ ಪ್ರಾಣ. ನಾನು ಸ್ಟೂಲಿನ ಮೇಲೆ ಮಂಡಿ ಒತ್ತಿಕೊಂಡು ಕೂತಿದ್ದೆ.

"ನೋಡ್ರಪ್ಪಾ, ಇದು ಹಳೇದು. ಬಾಯಲ್ಲಿ ಏನೂ ಇಲ್ದಿದ್ರೂ ಎರಡು ಗೆರೆ ಅಂತಾ ಇದೆ. ಹಾಗಾದ್ರೆ ಅಳೆದ ಮೇಲೆ ಏನ್ ಮಾಡ್ಬೇಕು?"

ಬೃಂದಾ ಎಂಬ ಹುಡುಗಿ ಕೈ ಎತ್ತಿದಳು. "ಎರಡು ಕೂಡಿಸ್ಬೇಕು ಸಾರ್."

"ಯಾಕಮ್ಮಾ ಕೂಡಿಸ್ತೀಯ! ಅಂಗಡಿ ತಕ್ಕಡೀಲಿ ಏನೂ ಇಡದೇನೇ ನೂರು ಗ್ರಾಂ ತೋರಿಸ್ತಾ ಇದ್ರೆ, ಬೆಲ್ಲ ತೂಗಿದ ಮೇಲೆ ಆ ನೂರನ್ನ ಕಳೀತೀಯೋ, ಇನ್ನೊಂದು ನೂರು ಸೇರಿಸ್ತೀಯೋ?"

ಮಕ್ಕಳು ನಕ್ಕರು. ಬೃಂದಾ ಕೆಂಪಾಗಿ, "ನಮ್ಮ ಮಿಸ್ ಕೂಡಿಸ್ಬೇಕು ಅಂತಾನೇ ಹೇಳ್ಕೊಟ್ಟಿರೋದು," ಅಂದಳು.

"ನಿಮ್ಮ ಮಿಸ್ ಹಾಗೆ ಹೇಳೋರಲ್ಲ. ನೀನೇ ಸರಿಯಾಗಿ ಕೇಳಿಸ್ಕೊಂಡಿಲ್ಲ. ಅಲ್ವಾ ಮೇಡಂ?" ಎಂದು ಇನಾಯತ್ ಸಾಹೇಬರು ನನ್ನ ಕಡೆ ನೋಡಿ ನಕ್ಕರು.

ನಾನೂ ನಕ್ಕೆ. ಅಷ್ಟೇ. ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು, ನಾನು ಮಂಡಿ ನೋಡಿಕೊಂಡೆ.

ಶಾಲೆಗೆ ಬಂದವಳೇ ಪಠ್ಯಪುಸ್ತಕ ತೆಗೆದೆ. 'ಕಳೆಯಬೇಕು' ಎಂದಿತ್ತು. ಆಮೇಲೆ ನನ್ನ ನೋಟ್ಸ್ ತೆಗೆದೆ. ಕೆಲಸಕ್ಕೆ ಸೇರಿದ ಮೊದಲ ವರ್ಷ, ರಾತ್ರಿಯೆಲ್ಲ ಕೂತು ಮುತ್ತು ಪೋಣಿಸಿದ ಹಾಗೆ ಬರೆದದ್ದು. 'ಕೂಡಿಸಬೇಕು' ಎಂದಿತ್ತು. ನಿದ್ದೆಗಣ್ಣಿನಲ್ಲಿ ಎರಡು ಪದ ಅದಲುಬದಲಾಗಿವೆ, ಅಷ್ಟೇ. ಆಮೇಲೆ ನಾನು ಪುಸ್ತಕ ತೆರೆಯಲೇ ಇಲ್ಲ, ನೋಟ್ಸ್ ಓದಿ ಹೇಳಿದೆ. ಶಾಲೆಯ ಸ್ಕ್ರೂಗೇಜ್ ಮಖಮಲ್ಲಿನ ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇದೆ, ಸೊನ್ನೆ ಬಿಟ್ಟು ಬೇರೇನೂ ತೋರಿಸಿದ್ದಿಲ್ಲ. ಪರೀಕ್ಷೆಯಲ್ಲಿ ಶೂನ್ಯದೋಷ ಎಂದರೇನು ಎಂದು ಕೇಳುತ್ತಾರೆಯೇ ಹೊರತು ಅದನ್ನು ಏನು ಮಾಡಬೇಕು ಎಂದು ಕೇಳುವುದಿಲ್ಲ. ಒಂದೇ ಒಂದು ಬೇಸಿಗೆ ಫ್ಯಾನ್ ಬಿಟ್ಟು ಎದ್ದು ಆ ಹಳೆಯ ಉಪಕರಣ ಕೈಯಲ್ಲಿ ಹಿಡಿದಿದ್ದರೆ ನನಗೇ ಗೊತ್ತಾಗುತ್ತಿತ್ತು. ತಕ್ಕಡಿಯ ಲೆಕ್ಕ, ಯಾರಿಗೆ ಗೊತ್ತಾಗುವುದಿಲ್ಲ?

ಕಾಗದದ ಮೇಲೆ ಲೆಕ್ಕ ಹಾಕಿದೆ. ಉಪಕರಣ ಎರಡು ಗೆರೆ ಹೆಚ್ಚು ಹೇಳುತ್ತಿತ್ತು. ಮಾದೇವಿ ಅದಕ್ಕೆ ಇನ್ನೂ ಎರಡು ಸೇರಿಸಿ, ಪಿನ್ನು ದಪ್ಪವಾಗೇ ಇದೆ ಎಂದುಕೊಂಡು ಮತ್ತೆ ಮತ್ತೆ ಉಜ್ಜುತ್ತಿದ್ದಳು. ಒಂದೊಂದು ಪಿನ್ನೂ ನಾಲ್ಕು ಗೆರೆ ಸಣ್ಣ. ತವರಿಗೆ ಬಂದವು ಸವೆದೇ ಬಂದಿರುತ್ತವೆ, ಅವನ್ನು ಅಳೆದು ಯಾರಿಗೆ ಏನು ಗೊತ್ತಾಗಬೇಕು? ಪಿನ್ನಿನ ವಿಭಾಗದ ಬಾಕಿಯವರಲ್ಲೂ ಇಬ್ಬರು ನನ್ನ ಶಿಷ್ಯರೇ. ಅವರಿಗೆ ಏನೂ ಆಗಿರಲಿಲ್ಲ. ಯಾಕೆಂದರೆ ಆ ಮಹಾಶಯರು ನನ್ನ ಕ್ಲಾಸಿನಲ್ಲಿ ನಿದ್ದೆ ಹೊಡೆದಿದ್ದರು, ಅಳತೆಯನ್ನು ಕಾರ್ಖಾನೆಯಲ್ಲೇ ಕಲಿತಿದ್ದರು. ಪಾಠ ಕೇಳಿದವಳು ಇವಳೊಬ್ಬಳೇ.

ಹೆಡ್‌ಮಾಸ್ಟರ ಹತ್ತಿರ ಹೋಗಿ ಹೇಳಿದೆ. ಅವರು ಬಾಗಿಲು ಹಾಕಿ ಬಂದು ಕೂತರು. "ಮೇಡಂ, ನಿಮಗೆ ಆಯಾಸ ಆಗಿದೆ. ಎರಡು ದಿನ ರಜೆ ತಗೊಳ್ಳಿ."

"ಆಯಾಸ ಆಗಿರೋದು ನಿಜ ಸಾರ್. ತಪ್ಪಾಗಿರೋದೂ ನಿಜ."

"ಒಂದು ಹುಡುಗಿ ಕೈ ತೊಳೆದರೆ ಅದು ಒಂದು ಮನೆ ವಿಷಯ. ಶಾಲೇನೇ ಕೈ ತೊಳೆದ್ರೆ? ಇಪ್ಪತ್ತೆರಡು ವರ್ಷ ನಿಮ್ಮ ಹತ್ರ ಕಲಿತ ಮಕ್ಕಳ ತಾಯಿ ತಂದೇರು ನಾಳೆ ಗೇಟಿನ ಮುಂದೆ ನಿಲ್ತಾರೆ. ಮುಂದಿನ ವರ್ಷ ಒಂದು ಮಗೂನ ಕಾರ್ಖಾನೆಗೆ ಕಳಿಸ್ತಾರಾ? ನೀವೇ ಕಟ್ಟಿದ್ದನ್ನ ನೀವೇ ಕೆಡವ್ತೀರಾ? ನೋಟ್ಸ್ ತಿದ್ದಿಕೊಳ್ಳಿ. ನಾಳೆಯಿಂದ ಕಳೆಯಬೇಕು ಅಂತ ಹೇಳಿ. ಮುಗೀತು."

ಕೆಟ್ಟ ಮಾತೇನೂ ಅಲ್ಲ ಅದು. ಅರ್ಧ ದಿನ ನನಗೂ ಸರಿ ಅನ್ನಿಸಿತ್ತು. ಗುರುವಾರ ನೋಟ್ಸ್ ತಿದ್ದಿದೆ. ಶುಕ್ರವಾರ ಸಂಜೆ ಮಾದೇವಿಯ ಬೀದಿಯ ತನಕ ಹೋಗಿ, ಇಸ್ತ್ರಿ ಗಾಡಿ ಕಂಡದ್ದೇ ವಾಪಸ್ ಬಂದೆ. ನಾನು ಹೇಡಿ. ಎಂಬತ್ತು ಮಕ್ಕಳನ್ನು ಒಂದು ಕಣ್ಸನ್ನೆಯಲ್ಲಿ ಕೂರಿಸುವವಳು, ಒಬ್ಬ ಇಸ್ತ್ರಿ ಮಾಡುವ ಹೆಂಗಸಿನ ಮುಖ ನೋಡಲಾಗದೆ ಓಡಿ ಬಂದೆ.

ಕೈ ತೊಳೆಸುವಾಗ ಕಲಿಸಿದ ಶಾಲೆಯಿಂದ ಒಬ್ಬರು ಸಾಕ್ಷಿಗೆ ಹೋಗಬೇಕು. ನೀವಿದ್ದೀರಲ್ಲ ಎಂದು ಹೆಡ್‌ಮಾಸ್ಟರು ಈ ಸಲ ಹೇಳಲಿಲ್ಲ. ತಾವೇ ಹೊರಟಿದ್ದರು. ನಾನೇ ಹೋಗ್ತೀನಿ ಸಾರ್ ಅಂದೆ. ಅವರು ನನ್ನ ಮುಖ ನೋಡಿ, ಸಾಕ್ಷಿಗೆ ಮಾತಾಡುವ ಹಾಗಿಲ್ಲ, ನೆನಪಿರಲಿ ಎಂದರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಯಂತ್ರಗಳು ನಿಂತವು. ಅಂಗಳದಲ್ಲಿ ಇನ್ನೂರು ಜನ. ಮಧ್ಯೆ ಬೋಗುಣಿ, ಪಕ್ಕದಲ್ಲಿ ಮೂವತ್ತು ಪಿನ್ನು ಸಾಲಾಗಿ ಜೋಡಿಸಿದ್ದರು. ಮಾದೇವಿ ಕೆಲಸದ ನೀಲಿ ಕೋಟು ಬಿಚ್ಚಿ ಮಡಿಸಿ ತೋಳಿನ ಮೇಲೆ ಹಾಕಿಕೊಂಡು ಬಂದಳು. ಕೆಂಪಾಜಮ್ಮ ಗೇಟಿನ ಹತ್ತಿರ ನಿಂತಿದ್ದರು, ಸೆರಗು ಬಾಯಿಗೆ ಒತ್ತಿಕೊಂಡು. ಇನಾಯತ್ ಸಾಹೇಬರು ಚೆಂಬು ಎತ್ತಿಕೊಂಡರು. ಪಿನ್ನಿನ ವಿಭಾಗಕ್ಕೆ ಅವಳ ಹೆಸರು ಹೇಳಿದವರೇ ಅವರು.

"ಈ ಕೈ ಯಾರದು?"

ಮಾದೇವಿ ಎರಡೂ ಕೈ ಮುಂದೆ ಚಾಚಿದಳು. ಬಾಯಿ ತೆರೆದಳು, ಸ್ವರ ಬರಲಿಲ್ಲ. ಉಗುಳು ನುಂಗಿ ಮತ್ತೆ ತೆರೆದಳು.

"ನನ್ನದು," ಅಂದೆ ನಾನು.

ಎಲ್ಲರೂ ತಿರುಗಿದರು. "ಮೇಡಂ, ಸಾಕ್ಷಿಯವರು ಮಾತಾಡೋ ಹಾಗಿಲ್ಲ," ಅಂದರು ಇನಾಯತ್ ಸಾಹೇಬರು ಮೆಲ್ಲಗೆ.

"ನಾನು ಸಾಕ್ಷಿ ಅಲ್ಲ ಸಾಹೇಬ್ರೇ. ಆ ಪಿನ್ನು ಅಳೆದ ಪಾಠ ನನ್ನದು. ಬುಧವಾರ ನಮ್ಮ ಬೃಂದಾ ಕೂಡಿಸಬೇಕು ಅಂದಳಲ್ಲ, ಅವಳು ಸರಿಯಾಗೇ ಕೇಳಿಸ್ಕೊಂಡಿದ್ದಳು. ನಾನು ಹಾಗೇ ಹೇಳಿಕೊಟ್ಟಿದ್ದು. ನೀವು ಕೇಳಿದಾಗ ನಕ್ಕುಬಿಟ್ಟೆ. ಇಪ್ಪತ್ತೆರಡು ವರ್ಷದಿಂದ ಹಾಗೇ ಹೇಳಿಕೊಡ್ತಾ ಇದೀನಿ. ಇವಳ ಟ್ರೇನಲ್ಲಿ ನಿನ್ನೆ ಮಾಡಿದ ಹೊಸ ಪಿನ್ನು ಇರುತ್ತಲ್ಲ, ಒಂದು ತಂದು ನಿಮ್ಮ ಉಪಕರಣದಲ್ಲಿ ಅಳೀರಿ. ನಾಲ್ಕು ಗೆರೆ ಸಣ್ಣ ಇರುತ್ತೆ. ಇಲ್ಲದಿದ್ರೆ ನನ್ನ ಹುಚ್ಚಿ ಅನ್ನಿ."

ತಂದರು. ಇನಾಯತ್ ಸಾಹೇಬರು ಕನ್ನಡಕ ಏರಿಸಿಕೊಂಡು ಅಳೆದರು. ಇನ್ನೊಂದು ತರಿಸಿ ಅಳೆದರು. ಮೂರನೆಯದನ್ನು ಅಳೆಯಲಿಲ್ಲ. "ನಾಲ್ಕು," ಅಂದರು. ಒಬ್ಬರು ಮಾಡಿ ಮುಗಿಸಿದ ಹೊಸ ಸಾಮಾನನ್ನು ಇನ್ನೊಬ್ಬರು ಅಳೆದು ನೋಡಿದ್ದು ಆ ಕಾರ್ಖಾನೆಯಲ್ಲಿ ಅದೇ ಮೊದಲಿರಬೇಕು. ಹಿಂದಿನಿಂದ ಒಬ್ಬ, ನನ್ನ ನಿದ್ದೆಬುರುಕರಲ್ಲೇ ಒಬ್ಬ, "ಅಯ್ಯೋ ಮಿಸ್, ನಾವು ನಿದ್ದೆ ಮಾಡಿದ್ದೇ ಒಳ್ಳೇದಾಯ್ತು ಬಿಡಿ" ಅಂದ. ಅಂಗಳವೆಲ್ಲ ನಕ್ಕಿತು. ನನಗೂ ನಗು ಬಂದು, ನಾಚಿಕೆಯಿಂದ ಸತ್ತೂ ಹೋದೆ.

ಮಾದೇವಿ ನಗಲಿಲ್ಲ. ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು. "ಎಷ್ಟು ಸಲ ಬರ್ದಿದೀನಿ ಮಿಸ್ ಅದನ್ನ," ಅಂದಳು. "ತಪ್ಪಾಗ್ಬಾರ್ದು ಅಂತ ದಿನಾ ಬೆಳಿಗ್ಗೆ ಹೇಳ್ಕೊಂಡು ಬರ್ತಿದ್ದೆ, ದೇವರ ನಾಮದ ಥರ. ಆ ಅಜ್ಜಿ ಬಿದ್ರಲ್ಲ ಮಿಸ್." ಆಮೇಲೆ ಅತ್ತಳು. ಸಿಟ್ಟಿನಿಂದ ಅತ್ತಳು. ನಾನು ಹತ್ತಿರ ಹೋದರೆ ಹಿಂದೆ ಸರಿದಳು.

ಪದ್ಧತಿಯನ್ನು ಅರ್ಧಕ್ಕೆ ಬಿಡುವ ಹಾಗಿಲ್ಲ. ನನ್ನದು ಅಂದವರ ಕೈ ಮೇಲೆ ನೀರು ಬೀಳಲೇಬೇಕು. ನಾನು ಬಳೆ ಹಿಂದಕ್ಕೆ ಸರಿಸಿ ಕೈ ಚಾಚಿದೆ. ನೀರು ತಣ್ಣಗಿತ್ತು. ಇನ್ನೂರು ಜನರ ಮುಂದೆ ಐವತ್ತನಾಲ್ಕು ವರ್ಷದ ಹೆಂಗಸು, ಬೆರಳ ಸಂದಿಯಲ್ಲಿ ಬರೀ ಸೀಮೆಸುಣ್ಣ. ತೊಳೆಯಲು ಅದು ಬಿಟ್ಟು ಇನ್ನೇನೂ ಇರಲಿಲ್ಲ.

ತೊಳೆದ ಕೈ ಯಾವ ಉಪಕರಣವನ್ನೂ ಮುಟ್ಟಬಾರದಾದ್ದರಿಂದ ಪ್ರಯೋಗಶಾಲೆಯ ಬೀಗದ ಕೈಯನ್ನು ಹೆಡ್‌ಮಾಸ್ಟರು ವಾಪಸ್ ತೆಗೆದುಕೊಂಡರು. ವಿಜ್ಞಾನ ಬೇರೆಯವರಿಗೆ ಹೋಯಿತು. ನನಗೆ ನೀತಿಪಾಠ ಕೊಟ್ಟಿದ್ದಾರೆ. ಪೋಷಕರು ಗೇಟಿಗೆ ಬಂದರು, ಕೂಗಾಡಿದರು, ಹೋದರು. ಬೃಂದಾಳನ್ನು ಇಡೀ ಕ್ಲಾಸಿನ ಮುಂದೆ ನಿಲ್ಲಿಸಿ ನಾನು ಕ್ಷಮೆ ಕೇಳಿದೆ. ಅವಳಿಗೆ ಪಾಪ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಮಾದೇವಿ ಸೋಮವಾರವೇ ಯಂತ್ರಕ್ಕೆ ಹೋದಳು. ಕಾರ್ಖಾನೆಯಲ್ಲಿ ಉಳಿದಿದ್ದ ಅವಳ ಪಿನ್ನುಗಳನ್ನೆಲ್ಲ ಕರಗಿಸಿದರು. ಆದರೆ ಹೊರಗೆ ಹೋದದ್ದನ್ನು ತಡೆಯುವವರು ಯಾರು? ಅವು ಒಂದೊಂದೇ ಬರುತ್ತಿದ್ದವು. ಮತ್ತೆ ಬರುತ್ತಿದ್ದದ್ದು ಮಾದೇವಿಯ ಹೊಸ್ತಿಲಿಗೇ. ಇನ್ನು ನನ್ನ ಮನೆಗೆ ಬರಬಹುದು ಎಂದು ದಿನಾ ಬೆಳಿಗ್ಗೆ ಬಾಗಿಲು ತೆಗೆದು ನೋಡುತ್ತಿದ್ದೆ. ಬರಲಿ ಎಂದೇ ಆಸೆಯಾಗುತ್ತಿತ್ತು. ಹೊಸ್ತಿಲು ಎಂದಿನ ಹಾಗೆ ಚೊಕ್ಕವಾಗಿರುತ್ತಿತ್ತು. ನನ್ನ ಒಪ್ಪಿಗೆಯನ್ನು ಅವು ಕೇಳಿಸಿಕೊಂಡಿರಲಿಲ್ಲ.

ಕೈ ತೊಳೆದ ನಾಲ್ಕನೆಯ ದಿನ ಬೆಳಿಗ್ಗೆ ಏಳಕ್ಕೆ ಕೆಂಪಾಜಮ್ಮ ಬಂದರು. ಕೈಯಲ್ಲಿ ಒಂದು ಪಿನ್ನು. ಬನ್ನಿ ಅಂದೆ. ಒಳಗೆ ಬರಲಿಲ್ಲ. ನನ್ನ ಕೈ ಹಿಡಿದು ಅಂಗೈಯಲ್ಲಿ ಪಿನ್ನು ಇಟ್ಟರು. "ಇದಕ್ಕೆ ದಾರಿ ಗೊತ್ತಿಲ್ಲ ಮೇಡಮ್ಮೋರೆ. ತಪ್ಪಿ ನಮ್ಮನೇಗೆ ಬರ್ತೈತೆ. ಇದರ ತವರು ಇಲ್ಲಿ," ಅಂದು ತಿರುಗಿ ಹೊರಟರು.

ಆಮೇಲೆ ಬಂದಾಗಲೆಲ್ಲ ತಂದರು. ಒಂಬತ್ತು ಬೀದಿ ನಡೆದು. ಮಳೆಯಿದ್ದರೆ ತಲೆಗೆ ಗೋಣಿಚೀಲ ಹಾಕಿಕೊಂಡು ಬಂದರು. ಮಾತಿಲ್ಲ, ಕತೆಯಿಲ್ಲ. ಅಂಗೈಗೆ ಹಾಕುವುದು, ಹೋಗುವುದು. ಬೀದಿಯ ಮೇಷ್ಟ್ರುಗಳೆಲ್ಲ ಕಿಟಕಿಯಿಂದ ನೋಡುತ್ತಿದ್ದರು. ಒಮ್ಮೆ ಮಾತ್ರ, ಪಿನ್ನಿನ ಜೊತೆ ಚಕ್ರವೂ ಬಂದಿದ್ದ ದಿನ, ಎರಡನ್ನೂ ಕೆಳಗಿಟ್ಟು ಸ್ವಲ್ಪ ಹೊತ್ತು ನಿಂತು ಸುಧಾರಿಸಿಕೊಂಡರು. ನೀರು ಬೇಕಾ ಅಂದೆ. ಬೇಡ ಅಂದರು. ನಾನು ಪ್ರತಿಸಲವೂ ಬನ್ನಿ ಅನ್ನುತ್ತಿದ್ದೆ. ಹಿಂಸೆಯಾಗುತ್ತಿತ್ತು, ಆದರೆ ಅವರು ಬರದ ದಿನ ಇನ್ನೂ ಹಿಂಸೆಯಾಗುತ್ತಿತ್ತು. ನನ್ನ ಕೋಣೆಯ ಮೂಲೆಯಲ್ಲಿ ನಲವತ್ತಾರು ಪಿನ್ನು ಸೇರಿದವು.

ಮತ್ತೆ ಪರಿಚಯದ ವಾರ ಬಂತು. ಈ ಸಲ ನಾನಿಲ್ಲ. ಹೊಸ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋದರು. ನಾನು ಎಂಟನೇ ಕ್ಲಾಸಿಗೆ ಸತ್ಯದ ಮಹತ್ವ ಓದಿ ಹೇಳಿದೆ, ಆಕಳಿಕೆ ಬಂತು. ಅದರ ಮರುದಿನ ಬೆಳಿಗ್ಗೆ ಕೆಂಪಾಜಮ್ಮ ಬಾಗಿಲಲ್ಲಿ ನಿಂತಿದ್ದರು. ನಾನು ಅಭ್ಯಾಸಬಲದಿಂದ ಅಂಗೈ ಚಾಚಿದೆ.

"ಇವತ್ತೇನೂ ಬಂದಿಲ್ಲ," ಅಂದರು.

"ಮತ್ತೆ?"

"ಸುಮ್ನೆ ಬಂದೆ."

ಅವರೇ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತರು. ಕುರ್ಚಿ ತೋರಿಸಿದರೆ ಬೇಡ ಅಂದರು. ಕಾಫಿ ಕೊಟ್ಟೆ. ಅರ್ಧ ಕುಡಿದು ಲೋಟ ಕೆಳಗಿಟ್ಟರು. "ನಿನ್ನೆ ನಿಮ್ ಸ್ಕೂಲ್ ಮಕ್ಳು ಹೋಗಿದ್ವಂತೆ ಕಾರ್ಖಾನೆಗೆ. ಸಾಹೇಬ್ರಿಗೆ ಜ್ವರ. ಅಳತೆ ಪಾಠ ಮಾದೇವಿ ಹೇಳ್ಕೊಟ್ಲಂತೆ."

"ಕಳೀಬೇಕು ಅಂತ ಹೇಳಿದ್ಲಾ?"

"ಹೂಂ, ಕಳೀಬೇಕು ಅಂತ. ತಕ್ಕಡಿ ಕತೇನೂ ಹೇಳಿದ್ಲಂತೆ." ಲೋಟ ಎತ್ತಿ ಉಳಿದದ್ದನ್ನು ಕುಡಿದರು. "ಒಂದು ಹುಡುಗಿ ಕೇಳ್ತಂತೆ, ಇಷ್ಟ್ ಚೆನ್ನಾಗಿ ನಿಮ್ಗೆ ಯಾರಕ್ಕಾ ಹೇಳ್ಕೊಟ್ಟಿದ್ದು ಅಂತ."

"ಏನಂದ್ಲು?" ಅಂದೆ.

"ನಮ್ಮ ಪದ್ಮಾಕ್ಷಿ ಮಿಸ್ಸು ಅಂದ್ಲಂತೆ," ಅಂದರು ಕೆಂಪಾಜಮ್ಮ. "ಮನೇಗ್ ಬಂದು ನಂಗೆ ಹೇಳಿ, ಅದ್ಯಾಕ್ ಹಾಗಂದ್ನೋ ಗೊತ್ತಿಲ್ಲ ಕಣವ್ವ, ಬಾಯಿಗ್ ಬಂತು ಅಂದ್ಬಿಟ್ಟೆ ಅಂದ್ಲು."

ನನಗೆ ಅಳು ಬಂತು. ತಡೆದುಕೊಳ್ಳಲೂ ಹೋಗಲಿಲ್ಲ, ಅಷ್ಟು ಸುಸ್ತಾಗಿತ್ತು. ಕೆಂಪಾಜಮ್ಮ ಸಮಾಧಾನ ಮಾಡಲಿಲ್ಲ, ಎದ್ದೂ ಹೋಗಲಿಲ್ಲ. ಖಾಲಿ ಲೋಟ ಕೈಯಲ್ಲಿ ಹಿಡಿದುಕೊಂಡು, ನಾನು ಅತ್ತು ಮುಗಿಸುವ ತನಕ ಅಲ್ಲೇ ಕೂತಿದ್ದರು.